ಅಕ್ಕನ ಬಾಳೆತೋಟದ ಪತ್ರ

ಅವರ ಹೆಬ್ಬೆರಳು, ತೋರುಬೆರಳು ಸದಾ ನೀಲಿ. ಹೊಸಪೇಟೆಯ ನೋಂದಣಿ ಕಚೇರಿಯ ಎದುರು ಬೇವಿನ ಮರದ ಕೆಳಗೆ ಕೂತು ಆಸ್ತಿಪತ್ರ ಬರೆಯುತ್ತಿದ್ದ ಅವರು, ರುಜು ಬಾರದವರ ಹೆಬ್ಬೆಟ್ಟನ್ನು ತಾವೇ ಹಿಡಿದು ಒತ್ತಿಸುತ್ತಿದ್ದರು. ಕನ್ನಡಕದ ಮೇಲಿಂದ ಜನರನ್ನು ನೋಡುವ ಅವರ ನೋಟದಲ್ಲಿ ಮರ್ಯಾದೆ ಹೆಸರಿಗೂ ಇರುತ್ತಿರಲಿಲ್ಲ.

ಅಪ್ಪ ನನ್ನನ್ನು ಅವರ ಬಳಿ ಕರೆದೊಯ್ದದ್ದು ಅಕ್ಕನ ಸಲುವಾಗಿ. ಅವಳಿಗೆ ವಯಸ್ಸು ನಲವತ್ತು, ಬುದ್ಧಿ ನಾಲ್ಕರ ಮಗುವಿನದು. ಇಂಥವರ ಪಾಲನ್ನು ನೋಡಿಕೊಳ್ಳುವವನ ಹೆಸರಿಗೇ ಬರೆದುಬಿಡುವುದು ನಮ್ಮವರ ರೂಢಿ. ಅಕ್ಕನ ಪಾಲಿನ, ಕಮಲಾಪುರದ ಎರಡು ಎಕರೆ ಬಾಳೆತೋಟ ನನ್ನ ಹೆಸರಿಗಾಗಲಿ ಎಂದರು ಅಪ್ಪ. ನಾನು ವಿನಯದಿಂದ ತಲೆ ತಗ್ಗಿಸಿ ನಿಂತಿದ್ದೆ. ಆ ವಿನಯ ನೆನೆದರೆ ಈಗ ನನಗೇ ಹೇಸಿಗೆಯಾಗುತ್ತದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಜಮಾನ್ರ, ನೋಡ್ಕೊಂತೀನಿ ಅಂದವರ ಪತ್ರ ಭಾಳ ಬರದೀನಿ. ಆಮ್ಯಾಲೆ ಇಂಥ ಮಕ್ಕಳು ದನದ ಕೊಟ್ಟಿಗ್ಯಾಗ ಕುಂತು ಉಣ್ಣೋದೂ ನೋಡೀನಿ. ತ್ವಾಟ ಆಕಿ ಸಲುವಾಗಿ ಒಂದು ಟ್ರಸ್ಟ್ ಮಾಡಿ ಅದಕ್ಕ ಬರೀರಿ."

"ನನ್ನ ಮಗನ ಮ್ಯಾಲೆ ನಂಬಿಕಿ ಇಲ್ಲೇನ್ರಿ?" ಅಪ್ಪ ನೊಂದುಕೊಂಡರು.

"ನಿಮಗ ಪೂರಾ ನಂಬಿಕಿ ಇದ್ದಿದ್ರ ಇಲ್ಲಿತನ ಯಾಕ ಬರ್ತಿದ್ರಿ?"

ಅಪ್ಪ ಒಪ್ಪಿದರು. ತೋಟ ಟ್ರಸ್ಟಿಗೆ, ಅದರ ಬೆಳೆ ಅಕ್ಕನ ಊಟ, ಔಷಧಕ್ಕೆ ಮಾತ್ರ. ಟ್ರಸ್ಟಿಗಳು ನಾನು ಮತ್ತು ಅಕ್ಕನಿಗೆ ದಿನಾ ಜಳಕ ಮಾಡಿಸುವ ಚಿಕ್ಕಮ್ಮ. ಅಕ್ಕ ಇರುವ ತನಕ ಯಾರೂ ಮಾರುವಂತಿಲ್ಲ. ನಮ್ಮಿಬ್ಬರ ನಂತರ ಯಾರು ನೋಡಬೇಕೆಂಬುದನ್ನೂ ಬರೆದರು.

ಅಪ್ಪ ಹೋಗಿ ವರ್ಷ ತುಂಬುವಷ್ಟರಲ್ಲಿ ರೆಸಾರ್ಟ್ ಕಟ್ಟುವವನೊಬ್ಬ ತೋಟ ಕೇಳಿಕೊಂಡು ಬಂದ. ನಾನು ಚಿಕ್ಕಮ್ಮನಿಗೂ ಹೇಳದೆ ಬೇವಿನ ಮರದ ಕೆಳಗೆ ಹೋಗಿ ನಿಂತೆ. ಪತ್ರದಲ್ಲಿ ಏನಾದರೂ ದಾರಿ ಉಂಟೇ ಎಂದು ಕೇಳಿದೆ. ಎಲ್ಲ ಅಕ್ಕನ ಒಳ್ಳೆಯದಕ್ಕೇ ಎಂದು ಬೇರೆ ಸೇರಿಸಿದೆ.

ಅವರು ಬರೆಯುವುದನ್ನು ನಿಲ್ಲಿಸಲೂ ಇಲ್ಲ. "ದಾರಿ ಇರಬಾರ್ದು ಅಂತನ ಹಂಗ ಬರದಿದ್ದು ಲೇ. ಇಷ್ಟು ಜಲ್ದಿ ಬರ್ತಿ ಅಂತ ತಿಳಿದಿದ್ದಿಲ್ಲ. ನಡಿ, ಹಿಂದಿನವರಿಗೆ ಜಾಗ ಬಿಡು."

ದಾರಿಯುದ್ದಕ್ಕೂ ಅವರನ್ನು ಬೈಯುತ್ತಾ ಮನೆಗೆ ಬಂದೆ.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಹಣೆ ತುಂಬ ವಿಭೂತಿ ಹಚ್ಚಿ ಕೂರಿಸಿದ್ದರು. ಬೆರಳು ಮಾತ್ರ ಇನ್ನೂ ನೀಲಿ. ಹಾರ ಹಾಕುವಾಗಲೂ ಆ ಮುಚ್ಚಿದ ಕಣ್ಣು ನನ್ನನ್ನು ನೋಡುತ್ತಿದೆ ಅನ್ನಿಸಿತು.

ಅಕ್ಕ ಈಗಲೂ ಬಾಳೆಹಣ್ಣು ಸುಲಿದು ಅರ್ಧ ನನ್ನ ಬಾಯಿಗಿಡುತ್ತಾಳೆ. ಅವಳಿಗೆ ನನ್ನ ಮೇಲೆ ಬೆಟ್ಟದಷ್ಟು ನಂಬಿಕೆ. ನನ್ನನ್ನು ಒಂದು ದಿನವೂ ನಂಬದ ಆ ಮನುಷ್ಯನ ದೆಸೆಯಿಂದ ಆ ಹಣ್ಣು ಇನ್ನೂ ಅವಳದೇ ತೋಟದ್ದು.