ಒಂದು ಗೇಣು ಆಕಾಶ

ಮೊನ್ನೆ ಮುಂಬಾಗಿಲಿಗೆ ಅಗಸೆ ಎಣ್ಣೆ ಹಚ್ಚಿಸಿದೆ. ನೀವೂ ಹಚ್ಚಿಸಿ, ಬಣ್ಣಕ್ಕಿಂತ ಮೇಲು. ಬಡಿಗಿ ಕರೀಮ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಯಾನ್ ಸಾಹೇಬರು ಎದುರು ಬಂದು ನಿಂತಂತಾಯಿತು. ಅವರ ಅಂಗಿಗೆ, ಗಡ್ಡಕ್ಕೆ ಸದಾ ಇದೇ ವಾಸನೆ; ಚಿತ್ರದ ಬಣ್ಣ ಕಲಸುತ್ತಿದ್ದುದು ಇದರಲ್ಲೇ.

ಅರವತ್ತನೇ ಇಸವಿಯ ಆಚೀಚೆ. ಶಿರಸಿಯಲ್ಲಿ ನಾನು ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದೆ. ಬನವಾಸಿ ಕಡೆಯಿಂದ ಬರಿಗೈಲಿ ಬಂದವನು, ಏನನ್ನೂ ದಂಡ ಮಾಡಿದವನಲ್ಲ. ಜನ ಹಳೆಯ ಕ್ಯಾಲೆಂಡರ್ ತರುತ್ತಿದ್ದರು. ಕೆಳಗಿನ ತಾರೀಖು, ಮೇಲಿನ ಬೀಡಿ ಜಾಹೀರಾತು ಕತ್ತರಿಸಿ, ಲಕ್ಷ್ಮಿಯನ್ನಷ್ಟೇ ಉಳಿಸಿ ಸಿದ್ಧ ಚೌಕಟ್ಟಿನಲ್ಲಿ ಕೂಡಿಸುತ್ತಿದ್ದೆ. ಕತ್ತರಿ ಯಾರನ್ನೂ ಕೇಳದೆ ಓಡುತ್ತಿತ್ತು.

ಯಾನ್ ಸಾಹೇಬರು ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಸೀಮೆಯ ಚಿತ್ರಕಾರರು. ಬಯಲು, ಹೊಳೆ, ಮರ ಇವನ್ನೇ ಬರೆದು ಮುದುಕರಾದವರು. ಶಿರಸಿಯಲ್ಲೇ ಕೋಣೆ ಹಿಡಿದು, ಮುರುಕು ಕನ್ನಡ ಕಲಿತಿದ್ದರು. "ನಮ್ಮ ಊರು ರೊಟ್ಟಿ ಹಾಗೆ ಚಪ್ಪಟೆ. ಗುಡ್ಡ ಇಲ್ಲ. ಮೋಡವೇ ಗುಡ್ಡ" ಎನ್ನುತ್ತಿದ್ದರು. ಸಿದ್ದಾಪುರದ ಹಾದಿಯ ಗದ್ದೆಯ ಬದುವಿನಲ್ಲಿ ತಿಂಗಳುಗಟ್ಟಲೆ ಕೂತು ಒಂದೇ ಚಿತ್ರ ಬರೆದರು. ಬೇಕಾದ ಮೋಡ ಬರದ ದಿನ ಕುಂಚ ಮುಟ್ಟುತ್ತಿರಲಿಲ್ಲ.

"ಹಿಂಗ ಕುಂತ್ರ ಹೊಟ್ಟಿ ತುಂಬತೈತೇನ್ರಿ ಸಾಹೇಬ್ರ? ದಿನಕ್ಕೊಂದು ಗಣಪತಿ ಬರೀರಿ, ನಾ ಮಾರಿ ಕೊಡ್ತೀನಿ" ಎಂದು ಬುದ್ಧಿ ಹೇಳಿದ್ದೆ. ಅವರು ನಕ್ಕು, ನಡುಗುವ ಬಲಗೈ ತೋರಿಸಿದರು. "ಕೈ ಸೋತಿದೆ. ಇದೇ ಕೊನೆಯದು."

ಆ ಕೊನೆಯದನ್ನು ಊರಿಗೆ ಒಯ್ಯುವ ಮುನ್ನ, ಕಟ್ಟು ಹಾಕಲೆಂದು ಸುರುಳಿ ಸುತ್ತಿ ನನ್ನಲ್ಲಿ ಕೊಟ್ಟುಹೋದರು. ಬಿಡಿಸಿದೆ. ಅಡಿಯಲ್ಲಿ ಕಪ್ಪನೆಯ ಗದ್ದೆ, ಮೇಲೆಲ್ಲ ಬರೀ ಬೂದು. ನನ್ನ ಚೌಕಟ್ಟಿಗಿಂತ ಒಂದು ಗೇಣು ಹೆಚ್ಚು.

ನನ್ನಲ್ಲಿ ಮರದ ಕೆಲಸಕ್ಕಿದ್ದ ಇಮಾಮಸಾಬ, ಈ ಕರೀಮನ ಅಪ್ಪ, "ಸಾಹೇಬ್ರನ್ನ ಒಂದ್ ಮಾತು ಕೇಳಿ ಕತ್ತರಸ್ರಿ ಸಾವ್ಕಾರ್ರ" ಎಂದ.

"ಖಾಲಿ ಆಕಾಶ ಐತೋ ಮಾರಾಯ. ಅದಕ್ಕೂ ಗಾಜು ಹಾಕ್ತಾರೇನು?" ಎಂದು ಮೇಲಿನ ಗೇಣನ್ನು ಕತ್ತರಿಸಿದೆ.

ಮರುದಿನ ಸಾಹೇಬರು ಚೌಕಟ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. "ಮೇಲಿನ ತುಂಡು?" ಎಂದರು. ಕಸದ ಬುಟ್ಟಿಯಿಂದ ತೆಗೆದುಕೊಟ್ಟೆ. ಗದ್ದೆಯ ಮೇಲ್ಗಡೆ ಅದನ್ನಿಟ್ಟು, ಬೂದಿನೊಳಗಿನ ಇನ್ನೊಂದು ಬೂದನ್ನು ಬೆರಳಿಟ್ಟು ತೋರಿಸಿದರು. "ಮಳೆ ಇಲ್ಲಿ. ಅದಕ್ಕೇ ಗದ್ದೆ ಕಪ್ಪು."

ಆಗ ಕಂಡಿತು. ಗದ್ದೆಯ ಮೇಲಿದ್ದದ್ದು ಮೋಡದ ನೆರಳು. ತುಂಡು ಸರಿಸಿದರೆ ಗದ್ದೆ ಸುಟ್ಟ ಹೊಲದಂತಿತ್ತು.

"ಅಂಟಿಸಿ ಕೊಡ್ತೀನ್ರಿ. ಕಟ್ಟು ಪುಕ್ಕಟೆ" ಎಂದೆ. ಜೀವಮಾನದಲ್ಲಿ ಅಷ್ಟು ಹಗುರದ ಮಾತು ಆಡಿಲ್ಲ. ಅವರು ಬೇಡವೆಂದು ತಲೆಯಲ್ಲಾಡಿಸಿ ಗದ್ದೆಯನ್ನು ಒಯ್ದರು. ಆಕಾಶ ನನ್ನ ಮೇಜಿನ ಮೇಲೆಯೇ ಉಳಿಯಿತು. ಮತ್ತೆ ಅವರು ಬರಲಿಲ್ಲ.

ಮೊನ್ನೆ ಪೆಟ್ಟಿಗೆಯಿಂದ ಆ ತುಂಡು ತೆಗೆದು ಕರೀಮನಿಗೆ ಕೊಟ್ಟು, ಚೌಕಟ್ಟಿಗೆ ಪೂರ್ತಿ ಚಿತ್ರದ ಅಳತೆ ಹೇಳಿದೆ. ಅದು ನನಗೆ ಬಾಯಿಪಾಠ.

"ತುಂಡು ಮ್ಯಾಲಿರ್ಲಿ."

"ಕೆಳಗ ಬರೀ ಖಾಲಿ ಉಳೀತೈತ್ರಿ ಅಜ್ಜಾರ. ಚೌಕಟ್ಟು ಸಣ್ಣದು ಮಾಡ್ಲೇನು?"

"ಬ್ಯಾಡಪ್ಪ. ಅಲ್ಲಿ ಗದ್ದಿ ಐತಿ."