ದೊಡ್ಡವರ ಹೆಸರು

ಬೆಳಿಗ್ಗೆ ಅಪ್ಪನ ಬಲಗೈಯಿಂದ ಕಾಫಿ ಲೋಟ ಜಾರಿತು. ಬೈದುಕೊಳ್ಳಲು ಬಾಯಿ ತೆರೆದರು.

ಮಾತು ಬರಲಿಲ್ಲ.

ಗುಂಡ್ಲುಪೇಟೆಯಿಂದ ಚಾಮರಾಜನಗರದ ಆಸ್ಪತ್ರೆ ತಲುಪುವವರೆಗೂ ಆಂಬ್ಯುಲೆನ್ಸಿನಲ್ಲಿ ಅವರ ಆ ಕೈ ಹಿಡಿದುಕೊಂಡು, ಅದು ನನ್ನ ಕೈಯನ್ನು ತಿರುಗಿ ಹಿಡಿಯುತ್ತದೆಯೇ ಎಂದು ಕಾಯುತ್ತಿದ್ದೆ. ಸಿ.ಟಿ. ಸ್ಕ್ಯಾನ್ ಆಯಿತು. ಸ್ಟ್ರೋಕ್. ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು. ಮಾತಿನ ಬಗ್ಗೆ ಕೇಳಿದ್ದಕ್ಕೆ, 'ನೋಡೋಣಮ್ಮ' ಎಂದರು. ಆ 'ನೋಡೋಣ' ನನ್ನ ನಿದ್ದೆ ಕೆಡಿಸಿತು.

ಎರಡು ವಾರದ ಮೇಲೆ ಸ್ಪೀಚ್ ಥೆರಪಿ. ಥೆರಪಿಸ್ಟ್ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಹಿಡಿದರು. ಹಸುವಿನ ಹೆಸರನ್ನು ಅಪ್ಪ ಹೇಗೋ ತೊದಲಿದರು. ಆನೆಯ ಕಾರ್ಡು ಬಂದಾಗ ಮುಖ ತಿರುಗಿಸಿಬಿಟ್ಟರು. ಮೂರು ಸಲ ಕೇಳಿ, ಥೆರಪಿಸ್ಟ್ ಫೈಲಿನಲ್ಲಿ ತಪ್ಪು ಗುರುತು ಹಾಕಿದರು.

ಅಪ್ಪ ಸರ್ವೀಸು ಪೂರ್ತಿ ಬಂಡೀಪುರದಲ್ಲಿ ಫಾರೆಸ್ಟ್ ವಾಚರ್ ಆಗಿದ್ದವರು. ಆನೆಯನ್ನೇ ಮರೆತವರು ನನ್ನನ್ನು ನೆನಪಿಟ್ಟುಕೊಂಡಾರೇ?

ದಿನಾ ಏನಾದರೂ ಓದಿ ಹೇಳಿ ಎಂದಿದ್ದರು ಥೆರಪಿಸ್ಟ್. ಹಳೆಯ ಟ್ರಂಕಿನಲ್ಲಿ ಮಕ್ಕಳ ಕಾದಂಬರಿಯೊಂದು ಸಿಕ್ಕಿತು. ಗುಂಡಿಗೆ ಬಿದ್ದ ಆನೆಮರಿಯ ಕಥೆ. ನಾನು ಚಿಕ್ಕವಳಿದ್ದಾಗ ಅಪ್ಪನೇ ಓದಿ ಹೇಳಿದ್ದು. ಮೊದಲ ಪುಟದಲ್ಲಿ 'ಆನೆ' ಎಂದಿದ್ದೇ ತಡ, ಅಪ್ಪ ಎಡಗೈಯಿಂದ ಮಂಚ ಬಡಿದರು. ಮತ್ತೆ ಓದಿದೆ. ಮತ್ತೆ ಬಡಿದರು. ಪುಟದ ಮೇಲೆ ಬೆರಳಿಟ್ಟರು. ಅಲ್ಲಿ ಆ ಪದವನ್ನು ಪೆನ್ಸಿಲಿನಲ್ಲಿ ಹೊಡೆದು, ಮೇಲೆ ಮಾಸಿದ ಅಕ್ಷರದಲ್ಲಿ 'ದೊಡ್ಡವ್ರು' ಎಂದು ಬರೆದಿತ್ತು. ಅಪ್ಪನ ಅಕ್ಷರ. ಪುಟಪುಟದಲ್ಲೂ ಹಾಗೇ.

'ಅವ್ರ ಎಸ್ರಿಡ್ದು ಕರೀಬಾರ್ದು ಕಣಮ್ಮಿ, ಬಂದ್ಬುಡ್ತರೆ' ಎನ್ನುತ್ತಿದ್ದರು ಆಗ. ನನ್ನನ್ನು ಅವರು ಕರೆಯುತ್ತಿದ್ದುದೇ ಅಮ್ಮಿ ಎಂದು. ಕಾಡಿನ ಕೆಲಸದಲ್ಲಿ ಅವರು ಬಿಡದೆ ಪಾಲಿಸಿಕೊಂಡು ಬಂದ ಪದ್ಧತಿ. ಮೈಸೂರಿನ ಹಾಸ್ಟೆಲ್ ಸೇರಿ ಮರೆತವಳು ನಾನು. ಅಪ್ಪನಲ್ಲ.

ಮುಂದಿನ ವಾರ ಅದೇ ಕಾರ್ಡು. 'ದೊ... ದೊಡ್ಡವ್ರು.' ನಾನು ಕಾರಣ ಹೇಳಿದೆ. ಥೆರಪಿಸ್ಟ್ ನಕ್ಕು, ಹಳೆಯ ತಪ್ಪು ಗುರುತನ್ನು ಹೊಡೆದು ಸರಿ ಗುರುತು ಹಾಕಿದರು. ನಾನು ಹೊರಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಲೋಟ, ಛತ್ರಿ, ಬಸ್ಸು ಇನ್ನೂ ಬಾಯಿಗೆ ಬಂದಿಲ್ಲ. ನನ್ನ ಹೆಸರೂ ಬಂದಿಲ್ಲ. ಇನ್ನೊಂದು ಸ್ಟ್ರೋಕ್ ಆದರೆ ಎಂಬ ಭಯ ದಿನಾ ನನ್ನ ಜೊತೆಗೇ ಏಳುತ್ತದೆ. ಚಿಕ್ಕಂದಿನಲ್ಲಿ ಈ ಕಥೆಯ ಮರಿಗಾಗಿ ಅತ್ತು ರಂಪ ಮಾಡಿದ್ದೆ. ಈಗ ಗುಂಡಿಯ ಅಂಚಿನಲ್ಲಿ ಏನೂ ಮಾಡಲಾಗದೆ, ಬಿಟ್ಟೂ ಹೋಗದೆ ಸುತ್ತುವ ಆ ಮರಿಯ ತಾಯಿಯ ಕಷ್ಟ ಅರ್ಥವಾಗುತ್ತದೆ.

ನಿನ್ನೆ ಕೊನೆಯ ಪುಟ ಮುಗಿಸಿ ಪುಸ್ತಕ ಮುಚ್ಚಿದೆ.

'ಇನ್ನೊಂದ್ಸಲ... ಅಮ್ಮಿ' ಎಂದರು ಅಪ್ಪ.

ಮೊದಲಿನಿಂದ ಶುರು ಮಾಡಿದೆ. ಈ ಸಲ ಎಲ್ಲೂ ದೊಡ್ಡವರ ಹೆಸರು ಹಿಡಿಯಲಿಲ್ಲ.