ಅವ್ವನ ಸೀರೆಯ ಅಂಗೈಯಗಲ

ಮೊಳಕಾಲ್ಮೂರಿನ ಔಷಧಿ ಅಂಗಡಿಯಲ್ಲಿ ಬಿಲ್ ಹಾಕುವ ನಿರ್ಮಲಾಳಿಗೆ ಇಪ್ಪತ್ತೇಳು ತುಂಬಿದರೂ ಜಪಾನಿನ ಅನಿಮೆ ಕಾರ್ಟೂನುಗಳ ಹುಚ್ಚು ಇಳಿದಿಲ್ಲ. ಕೊನೆಯ ಪುಟದಿಂದ ಮೊದಲಿಗೆ ಓದುವ ಅವಳ ಮಾಂಗಾ ಚಿತ್ರಕಥೆ ಪುಸ್ತಕ ಕಂಡರೆ ಅವ್ವ ಚಿನ್ನಕ್ಕ, "ಪುಸ್ತಕಾನೂ ಉಲ್ಟಾ, ಓದೋಳೂ ಉಲ್ಟಾ" ಎಂದು ನಗುತ್ತಾಳೆ. ಗಾಜಿನ ಬೀರುವಿನಲ್ಲಿ ಆ ಕಥೆಗಳ ಹತ್ತು ಗೊಂಬೆಗಳಿವೆ. ಬೈಯುತ್ತಲೇ ಅವುಗಳ ಧೂಳು ಒರೆಸುವವಳೂ ಚಿನ್ನಕ್ಕನೇ. ಹನ್ನೊಂದನೆಯದೊಂದು ಇರುವುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಅದು ಅಂಗಡಿಯ ಡ್ರಾಯರಿನಲ್ಲಿತ್ತು.

ಅದು ಕತ್ತಿ ಹಿಡಿದ ಹುಡುಗಿ. ಸೊಂಟಪಟ್ಟಿ ಬರೀ ಬಣ್ಣ ಬಳಿದ ಪ್ಲಾಸ್ಟಿಕ್ಕು. ಅಭಿಮಾನಿಗಳ ಆನ್‌ಲೈನ್ ಗುಂಪಿನಲ್ಲಿ ಎಲ್ಲರೂ ತಮ್ಮ ಗೊಂಬೆಗಳಿಗೆ ನಿಜವಾದ ಬಟ್ಟೆ ತೊಡಿಸಿ ಫೋಟೊ ಹಾಕುತ್ತಿದ್ದರು. ಕಳೆದ ವರ್ಷ ಒಂದು ದಿನ ನಿರ್ಮಲಾಳ ಬುದ್ಧಿ ಹುಲ್ಲು ಮೇಯಲು ಹೋಯಿತು. ಅವ್ವನ ಮದುವೆಯ ರೇಷ್ಮೆ ಸೀರೆಯಲ್ಲಿ, ಸೊಂಟಕ್ಕೆ ಸಿಕ್ಕಿಸುವ ಒಳತುದಿಯಿಂದ, ಅಂಗೈಯಗಲ ಜರಿಯಂಚು ಕತ್ತರಿಸಿಬಿಟ್ಟಳು. ಒಳಗೆ ಹೋಗುವುದು, ಯಾರು ನೋಡುತ್ತಾರೆ? ಅದನ್ನು ಗೊಂಬೆಯ ಸೊಂಟಕ್ಕೆ ಸುತ್ತಿ ಹಾಕಿದ ಫೋಟೊವನ್ನು ಗುಂಪಿನಲ್ಲಿ ನಾನೂರು ಜನ ಮೆಚ್ಚಿದರು. ಎಲ್ಲಿಯ ಬಟ್ಟೆ ಎಂದು ಕೇಳಿದವರಿಗೆ, "ನಮ್ಮವ್ವನ ಮದುವೆ ಸೀರೆ, ನಮ್ಮೂರಲ್ಲೇ ನೇಯ್ದದ್ದು" ಎಂದು ಬೀಗುತ್ತ ಬರೆದಳು. ಮುಖ ಕಾಣದ ನಾನೂರು ಜನರಿಗೆ ಹೇಳಿದ್ದನ್ನು ಅಡುಗೆಮನೆಯಲ್ಲಿದ್ದ ಅವ್ವನಿಗೆ ಹೇಳಲಿಲ್ಲ.

ಎರಡು ತಿಂಗಳಿಗೆ ಪಕ್ಕದ ಮನೆಯ ಜಗದಾಂಬ ತನ್ನ ಮಗಳು ದಾಕ್ಷಾಯಿಣಿಯ ಸೀಮಂತಕ್ಕೆಂದು ಅದೇ ಸೀರೆ ಕೇಳಿ ಒಯ್ದಳು. ವಾಪಸು ಬಂದದ್ದನ್ನು ಬಿಸಿಲಿಗೆ ಹರವಿದಾಗ ಚಿನ್ನಕ್ಕನ ಕಣ್ಣಿಗೆ ಕತ್ತರಿಯ ಗುರುತು ಬಿತ್ತು. ಒಯ್ದವರೇ ಕತ್ತರಿಸಿದ್ದಾರೆಂದು ಅವಳು ರೇಗಿದಳು; ಮೂವತ್ತು ವರ್ಷದಿಂದ ಗೆಳತಿಯರಾಗಿದ್ದವರು ಬೀದಿಯಲ್ಲೇ ಜಗಳವಾಡಿ ಮಾತು ಬಿಟ್ಟರು. ನಿರ್ಮಲಾ ಬಾಗಿಲಲ್ಲೇ ನಿಂತಿದ್ದಳು. ಬಾಯಿಬಿಟ್ಟರೆ ಹತ್ತೂ ಗೊಂಬೆ ತಿಪ್ಪೆ ಸೇರುತ್ತವೆಂಬ ಹೆದರಿಕೆಗೆ ಸುಮ್ಮನಾದಳು. ಎಂಥ ಧೈರ್ಯವಂತೆ!

ಆರು ತಿಂಗಳು ಆ ತಪ್ಪು ಅವಳನ್ನು ಒಳಗೊಳಗೇ ತಿಂದಿತು. ಯುಗಾದಿಗೆ ಅವ್ವ ಮಾಡಿದ ಹೋಳಿಗೆ ಪಕ್ಕದ ಮನೆಗೆ ಹೋಗಲಿಲ್ಲ. ಮಾರನೆಯ ಸಂಜೆ ನಿರ್ಮಲಾ ಅಂಗಡಿಯಿಂದ ನೇರ ಜಗದಾಂಬಳ ಮನೆಗೆ ನಡೆದು, ಗೊಂಬೆಯನ್ನು ಚಾಪೆಯ ಮೇಲಿಟ್ಟಳು.

"ಚಿಕ್ಕವ್ವ, ಸೀರೆ ಕತ್ತರಿಸಿದ್ದು ನಾನು."

ಬೈಗುಳಕ್ಕೆ ತಯಾರಾಗಿಯೇ ಬಂದಿದ್ದಳು. ಜಗದಾಂಬ ಗೊಂಬೆಯ ಸೊಂಟದ ಜರಿಯನ್ನು ಬೆರಳಿಂದ ಮುಟ್ಟಿ ನೋಡಿದಳು, ಅಷ್ಟೆ.

"ನಾನು ನನ್ನ ಮಗಳೇ ಕತ್ತರಿಸಿದ್ಲು ಅಂದ್ಕೊಂಡಿದ್ದೆ ಕಣೇ. ಹುಟ್ಟೋ ಕೂಸಿಗೆ ಕುಲಾವಿ ಹೊಲೀತಿದ್ಲು, ರೇಷ್ಮೆ ಚೂರು ಬೇಕು ಅಂತಿದ್ಲು. ನೀನೇ ಕತ್ತರಿಸಿದ್ದು, ಒಪ್ಕೋ ಅಂತ ತುಂಬು ಬಸುರೀನ ಅಳಿಸಿ ಕಳಿಸಿದೆ. ಬಾಣಂತನಕ್ಕೆ ಬರ್ಲೇ ಇಲ್ಲ. ಚಳ್ಳಕೆರೇಲಿ ಅತ್ತೆ ಮನೇಲೇ ಉಳಿದ್ಲು. ಕೂಸಿಗೆ ನಾಕು ತಿಂಗಳಾತು, ನಾನಿನ್ನೂ ಎತ್ಕೊಂಡಿಲ್ಲ."

ನಿರ್ಮಲಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇದು ಎರಡು ಮನೆಯ ಮುನಿಸು ಅಷ್ಟೇ ಎಂದು ತಿಳಿದಿದ್ದಳು. ಜಗದಾಂಬಳ ಕಾಲು ಹಿಡಿದುಕೊಂಡಳು.

"ಕಾಲು ಬಿಡು. ನನ್ನ ನಂಬರ್ ನೋಡಿದ್ರೆ ಅವಳು ಎತ್ತಲ್ಲ. ನಿನ್ನ ಫೋನಿಂದ ಮಾಡು, ನೀನೇ ಹೇಳು."

ಮೂರನೆಯ ರಿಂಗಿಗೆ ದಾಕ್ಷಾಯಿಣಿ ಎತ್ತಿದಳು. ನಿರ್ಮಲಾ ಒಂದೇ ಉಸಿರಿಗೆ ಎಲ್ಲ ಒಪ್ಪಿಕೊಂಡಳು. ಆ ಕಡೆಯಿಂದ ಕೂಸಿನ ಅಳು ಕೇಳುತ್ತಿತ್ತು.

"ನಮ್ಮವ್ವ ಪಕ್ಕದಲ್ಲೇ ಐದಾಳಾ?"

ನಿರ್ಮಲಾ ಫೋನನ್ನು ಜಗದಾಂಬಳ ಕೈಗಿಟ್ಟಳು. ಜಗದಾಂಬ ಅದನ್ನು ಕಿವಿಗೆ ಒತ್ತಿ ಹಿಡಿದು ಕೂಸಿನ ಅಳು ಕೇಳುತ್ತ ಕೂತಳು.

ನಿರ್ಮಲಾ ಮನೆಗೆ ಬಂದಾಗ ಅವ್ವ ಬೀರುವಿನ ಮುಂದೆ ಒಂದೊಂದೇ ಗೊಂಬೆಯ ಧೂಳು ಒರೆಸುತ್ತಿದ್ದಳು. ನಿರ್ಮಲಾ ಹನ್ನೊಂದನೆಯದನ್ನು ಅವಳ ಕೈಗೇ ಕೊಟ್ಟಳು.